ಕರ್ನಾಟಕದ ಮಹಿಳಾ ಕ್ರಿಕೆಟ್ ತಂಡ ಮತ್ತು ನಮ್ಮೂರ ಹೆಣ್ಣುಮಕ್ಕಳು



ಇಂದಿನ ನನ್ನ ಮಾತು ಕರ್ನಾಟಕದ ಮಹಿಳಾ ಕ್ರಿಕೆಟ್ ತಂಡವನ್ನು ಕುರಿತು. ಕ್ರಿಕೆಟ್ ಎಂದರೆ ಗಂಡುಹುಡುಗರ ಆಟ, ಅದರಲ್ಲಿ ಹೆಂಗಸರ ಸುದ್ದಿ ಏನು, ಅದೂ ಪಸ್ತಾಪುರದಲ್ಲಿ ಕೂತು ಬೆಂಗಳೂರಿನ ತಂಡದ ಸುದ್ದಿ ಏಕೆ ಎಂದು ಕೆಲವರು ಕೇಳಬಹುದು. ಕಾರಣವಿದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು ಆಡುವ ನಮ್ಮಂಥವರಿಗೆ ಆ ತಂಡದ ಕಥೆ ದೂರದ್ದಲ್ಲ. ಒಬ್ಬ ಹುಡುಗಿ ಓಣಿಯಿಂದ ಮೈದಾನದವರೆಗೆ ಹೋಗಬೇಕಾದರೆ ಏನೇನು ಬೇಕು ಎನ್ನುವ ಲೆಕ್ಕ ಆ ಕಥೆಯಲ್ಲಿ ಸಿಗುತ್ತದೆ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಲೆಕ್ಕ ನೋಡುವುದು ನನ್ನ ಹಳೆಯ ಚಾಳಿ. ಆದ್ದರಿಂದ ಈ ಆಟವನ್ನೂ ಹಾಗೆಯೇ ನೋಡುತ್ತೇನೆ.

ನಮ್ಮ ದೇಶದಲ್ಲಿ ಮಹಿಳೆಯರ ಕ್ರಿಕೆಟ್ಟಿಗೆ ಒಂದು ಸಂಘ ಹುಟ್ಟಿದ್ದು 1973ರಲ್ಲಿ. ಅದೇ ವರ್ಷ ಪುಣೆಯಲ್ಲಿ ಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆದಾಗ ಬಂದ ತಂಡಗಳು ಮೂರೇ ಮೂರು: ಬೊಂಬಾಯಿ, ಮಹಾರಾಷ್ಟ್ರ ಮತ್ತು ಉತ್ತರ ಪ್ರದೇಶ. ಮೂರೇ ವರ್ಷದಲ್ಲಿ, 1976ರ ಅಕ್ಟೋಬರ್ 31ರಂದು, ಭಾರತದ ಮಹಿಳೆಯರು ವೆಸ್ಟ್ ಇಂಡೀಸ್ ವಿರುದ್ಧ ತಮ್ಮ ಮೊದಲ ಟೆಸ್ಟ್ ಪಂದ್ಯಕ್ಕೆ ಇಳಿದರು. ಆ ಪಂದ್ಯ ನಡೆದದ್ದು ಬೆಂಗಳೂರಿನಲ್ಲಿ. ತಂಡದ ನಾಯಕಿ ಕರ್ನಾಟಕದ ಶಾಂತಾ ರಂಗಸ್ವಾಮಿ.

ಅದೇ ಸರಣಿಯಲ್ಲಿ, ನವೆಂಬರ್ ತಿಂಗಳಲ್ಲಿ, ಪಾಟ್ನಾದಲ್ಲಿ ಭಾರತದ ಮಹಿಳೆಯರು ಮೊದಲ ಟೆಸ್ಟ್ ಗೆಲುವು ಕಂಡರು. ಮುಂದಿನ ಜನವರಿಯಲ್ಲಿ, ಅಂದರೆ 1977ರಲ್ಲಿ, ನ್ಯೂಜಿಲೆಂಡಿನ ಡ್ಯುನೆಡಿನ್ ಊರಿನಲ್ಲಿ ಶಾಂತಾ 108 ರನ್ ಹೊಡೆದರು. ಭಾರತದ ಮಹಿಳೆಯೊಬ್ಬರು ಟೆಸ್ಟ್ ಪಂದ್ಯದಲ್ಲಿ ಹೊಡೆದ ಮೊದಲ ಶತಕ ಅದು. ಅರ್ಜುನ ಪ್ರಶಸ್ತಿ ಪಡೆದ ಮೊದಲ ಮಹಿಳಾ ಕ್ರಿಕೆಟ್ ಆಟಗಾರ್ತಿಯೂ ಅವರೇ.

ಇಷ್ಟೆಲ್ಲ ಹೆಸರು ಮಾಡಿದವರು ಹೇಗೆ ಪ್ರಯಾಣ ಮಾಡುತ್ತಿದ್ದರು, ಕೇಳಿ. ರೈಲಿನಲ್ಲಿ ಸೀಟು ಕಾಯ್ದಿರಿಸದ ಡಬ್ಬಿ. ಇಳಿದ ಊರಿನಲ್ಲಿ ಸಾಲಾಗಿ ಹಾಸಿಗೆ ಹಾಸಿಕೊಂಡು ಮಲಗುವ ದೊಡ್ಡ ಕೋಣೆ. ಇಡೀ ತಂಡಕ್ಕೆ ಎರಡು ಮೂರು ಬ್ಯಾಟು. ಒಬ್ಬಳು ಔಟಾಗಿ ಬರುವಾಗ ಹೋಗುವವಳ ಕೈಗೆ ಅದನ್ನೇ ಕೊಟ್ಟು ಬರಬೇಕು. ಆ ಕಾಲದ ಆಟಗಾರ್ತಿಯರು ಇದನ್ನು ಹಲವು ಸಲ ಹೇಳಿಕೊಂಡಿದ್ದಾರೆ. ಮಹಿಳೆಯರ ಸಂಘವು ಪುರುಷರ ಕ್ರಿಕೆಟ್ ಮಂಡಳಿಯ ಜೊತೆ ಸೇರಿದ್ದು 2006ರಲ್ಲಿ. ಅಲ್ಲಿಯತನಕ ಮೂವತ್ತಕ್ಕೂ ಹೆಚ್ಚು ವರ್ಷ ಈ ಆಟ ನಡೆದದ್ದು ಬಹುಮಟ್ಟಿಗೆ ಆಡುವವರ ಹಟದಿಂದ.

ಹಟ ಇದ್ದರೆ ಸಾಕೇ? ಹೊಟ್ಟೆಯ ಪ್ರಶ್ನೆ ಇದ್ದೇ ಇದೆ. ಶಾಂತಾ ರಂಗಸ್ವಾಮಿಯವರಿಗೆ ಕೆನರಾ ಬ್ಯಾಂಕಿನಲ್ಲಿ ನೌಕರಿ ಇತ್ತು. ಅವರು 1991ರವರೆಗೆ ದೇಶಕ್ಕಾಗಿ ಆಡಿದರು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆಗೂ ಏರಿದರು. 2017ರಲ್ಲಿ ಕ್ರಿಕೆಟ್ ಮಂಡಳಿ ಮಹಿಳೆಯರಿಗೆಂದು ಜೀವಮಾನ ಸಾಧನೆಯ ಪ್ರಶಸ್ತಿ ಆರಂಭಿಸಿದಾಗ ಮೊದಲು ಸಂದದ್ದು ಅವರಿಗೆ. ತಿಂಗಳ ಮೊದಲ ತಾರೀಖಿಗೆ ಬರುವ ಸಂಬಳದ ಬೆಲೆ ಬ್ಯಾಂಕಿನವನಾದ ನನಗೆ ಗೊತ್ತು. ಸಂಬಳ ತರುವ ಮಗಳಿಗೆ ‘ಸಾಕು ಆಟ, ಮದುವೆ ಮಾಡಿಕೋ’ ಎಂದು ಹೇಳುವ ಧೈರ್ಯ ಮನೆಯವರಿಗೆ ಸುಲಭಕ್ಕೆ ಬರುವುದಿಲ್ಲ.

ಮಹಿಳೆಯರ ರಾಷ್ಟ್ರೀಯ ಪಂದ್ಯಾವಳಿಗಳಲ್ಲಿ ರೈಲ್ವೆ ತಂಡವೇ ಬಹುತೇಕ ವರ್ಷ ಮೇಲಿದ್ದುದರ ಗುಟ್ಟು ಕೂಡ ಇದೇ. ರೈಲ್ವೆ ಇಲಾಖೆ ಆಟಗಾರ್ತಿಯರಿಗೆ ನೌಕರಿ ಕೊಡುತ್ತದೆ. ಹೀಗಾಗಿ ರಾಜ್ಯಗಳು ಬೆಳೆಸಿದ ಒಳ್ಳೆಯ ಆಟಗಾರ್ತಿಯರು ಅಲ್ಲಿ ಸೇರುತ್ತಾರೆ. ಸಿಕಂದರಾಬಾದಿನಲ್ಲಿ ಬೆಳೆದ ಮಿಥಾಲಿ ರಾಜ್ ರೈಲ್ವೆಗೆ ಆಡಿದರು, ವಿಜಯಪುರದ ರಾಜೇಶ್ವರಿ ಗಾಯಕವಾಡ್ ಕೂಡ ರೈಲ್ವೆಗೆ ಹೋದರು. ಅವರು ಬಿಟ್ಟು ಹೋದರು ಎಂದು ರಾಜ್ಯದವರು ದೂರಿ ಏನು ಪ್ರಯೋಜನ? ಅನ್ನ ಕೊಟ್ಟವರ ಕಡೆಗೆ ಆಟಗಾರ್ತಿ ಹೋಗುತ್ತಾಳೆ.

ಶಾಂತಾ ಅವರ ನಂತರವೂ ಕರ್ನಾಟಕದ ಸಾಲು ಮುರಿಯಲಿಲ್ಲ. ಬೆಂಗಳೂರಿನ ಮಮತಾ ಮಾಬೆನ್ ಭಾರತ ತಂಡದ ನಾಯಕಿಯಾದರು. 2004ರಲ್ಲಿ ಶ್ರೀಲಂಕಾದ ವಿರುದ್ಧ ಕೇವಲ 10 ರನ್ನಿಗೆ 6 ವಿಕೆಟ್ ತೆಗೆದರು. ಅದೇ ವರ್ಷ ಭಾರತ ತಂಡಕ್ಕೆ ಬಂದ ಕರುಣಾ ಜೈನ್ ವಿಕೆಟ್ಟಿನ ಹಿಂದೆ ನಿಂತು, ಬ್ಯಾಟನ್ನೂ ಹಿಡಿದು, 2022ರಲ್ಲಿ ನಿವೃತ್ತಿ ಹೇಳಿದರು. ಆದರೆ ಇವರೆಲ್ಲ ರಾಜಧಾನಿಯ ಹೆಣ್ಣುಮಕ್ಕಳು. ಮೈದಾನ, ತರಬೇತಿ, ಆಡುವ ಗೆಳತಿಯರು, ಎಲ್ಲವೂ ಸಿಟಿ ಬಸ್ಸಿನ ದೂರದಲ್ಲಿ ಇದ್ದವು. ಸಣ್ಣ ಊರಿನವರ ಪಾಡೇನು?

ಆ ಪ್ರಶ್ನೆಗೆ ಉತ್ತರವಾಗಿ ಇಬ್ಬರು ಬಂದರು. ಒಬ್ಬರು ಚಿಕ್ಕಮಗಳೂರು ಜಿಲ್ಲೆಯ ಕಡೂರಿನ ವೇದಾ ಕೃಷ್ಣಮೂರ್ತಿ. ಹದಿಹರೆಯದಲ್ಲೇ ಊರು ಬಿಟ್ಟು ಬೆಂಗಳೂರಿಗೆ ಹೋಗಿ ಕಲಿತರು. 2011ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಇಂಗ್ಲೆಂಡಿನ ವಿರುದ್ಧ ಆಡಿದ ಮೊದಲ ಏಕದಿನ ಪಂದ್ಯದಲ್ಲಿಯೇ ಅರ್ಧಶತಕ ಹೊಡೆದರು. ಇನ್ನೊಬ್ಬರು ನಾನು ಈಗಾಗಲೇ ಹೆಸರಿಸಿದ ರಾಜೇಶ್ವರಿ, ಎಡಗೈ ಸ್ಪಿನ್ ಎಸೆತಗಾರ್ತಿ. ಅವರು 2014ರಲ್ಲಿ ಭಾರತ ತಂಡಕ್ಕೆ ಬಂದರು; ಅದೇ ವರ್ಷ ತಂದೆ ತೀರಿಕೊಂಡರು. ಮನೆಯ ಭಾರ ಈ ಮಗಳ ಹೆಗಲಿಗೆ ಬಂತು. ಹೆಗಲ ಮೇಲಿನ ಭಾರ ಇಳಿಸದೆಯೇ ಅವರು ಆಡಿದರು.

ಈಗ ನಾನು ಒಂದು ದಿನದ ಆಟವನ್ನು ತುಸು ಬಿಡಿಸಿ ಹೇಳುತ್ತೇನೆ. 2017ರ ಜುಲೈ 15, ಇಂಗ್ಲೆಂಡಿನ ಡರ್ಬಿ ಮೈದಾನ, ವಿಶ್ವಕಪ್ಪಿನ ಪಂದ್ಯ, ಎದುರಿಗೆ ನ್ಯೂಜಿಲೆಂಡ್. ಗೆದ್ದವರಿಗೆ ಸೆಮಿಫೈನಲ್, ಸೋತವರಿಗೆ ಮನೆ. ನಾಯಕಿ ಮಿಥಾಲಿ ರಾಜ್ ನಿಂತು ಆಡಿ 109 ರನ್ ಮಾಡಿದರು. ಕೊನೆಯ ಓವರುಗಳಲ್ಲಿ ಅವರ ಜೊತೆ ಸೇರಿದ ವೇದಾ 45 ಎಸೆತಗಳಲ್ಲಿ 70 ರನ್ ಬಾರಿಸಿದರು. ಭಾರತದ ಮೊತ್ತ 265. ಆಮೇಲೆ ರಾಜೇಶ್ವರಿಯ ಕೈಗೆ ಚೆಂಡು ಬಂತು. ಆ ವಿಶ್ವಕಪ್ಪಿನಲ್ಲಿ ಅದು ಅವರ ಮೊದಲ ಪಂದ್ಯ. ಅಲ್ಲಿಯವರೆಗೆ ಹೊರಗೆ ಕೂತು ಸರದಿ ಕಾದವರು. 15 ರನ್ನಿಗೆ 5 ವಿಕೆಟ್ ಕಿತ್ತರು. ನ್ಯೂಜಿಲೆಂಡ್ 79ಕ್ಕೆ ಮುಗಿಯಿತು. ಭಾರತ 186 ರನ್ನುಗಳಿಂದ ಗೆದ್ದಿತು.

ಗಡಿಯ ಊರಿನವರಾದ ನಾವು ಆ ಪಂದ್ಯವನ್ನು ನೆನಪಿಡಬೇಕು. ಹೈದರಾಬಾದ್ ಕಡೆಯ ಒಬ್ಬರು, ಮಲೆನಾಡಿನ ಅಂಚಿನ ಒಬ್ಬರು, ಬಿಳಿಜೋಳದ ಸೀಮೆಯ ಒಬ್ಬರು ಕೂಡಿ ಗೆಲ್ಲಿಸಿದ ಪಂದ್ಯ ಅದು. ಫೈನಲ್ಲಿನಲ್ಲಿ ಭಾರತ ಇಂಗ್ಲೆಂಡಿಗೆ 9 ರನ್ನುಗಳಿಂದ ಸೋತಿತು, ನಿಜ. ಆದರೂ ಅಲ್ಲಿಂದ ಈ ಆಟವನ್ನು ಜನ ನೋಡುವ ಕಣ್ಣು ಬದಲಾಯಿತು. ತವರಿಗೆ ಬಂದ ರಾಜೇಶ್ವರಿಗೆ ಕಾರು ಕೊಡಲು ಮುಂದೆ ಬಂದಾಗ, ಕಾರು ಬೇಡ, ಮನೆಯವರಿಗೆ ಇರಲು ಒಂದು ಮನೆ ಬೇಕು ಎಂದರೆಂದು ಪತ್ರಿಕೆಗಳಲ್ಲಿ ಬಂತು. ಬಡತನ ಕಂಡವರ ಮಾತು ಅದು, ಮರ್ಯಾದೆಯ ಮಾತು ಕೂಡ.

ಈಗ ದುಡ್ಡಿನ ಲೆಕ್ಕಕ್ಕೆ ಬರೋಣ. 2005ರ ವಿಶ್ವಕಪ್ಪಿನಲ್ಲಿ ಫೈನಲ್ ತಲುಪಿದ ತಂಡಕ್ಕೆ ಸಿಕ್ಕದ್ದು ಪಂದ್ಯಕ್ಕೆ ಸಾವಿರ ರೂಪಾಯಿ ಎಂದು ಮಿಥಾಲಿ ಹೇಳಿದ್ದಾರೆ. 2022ರ ಅಕ್ಟೋಬರಿನಲ್ಲಿ ಮಂಡಳಿಯು ದೇಶದ ಪರ ಆಡುವ ಹೆಂಗಸರಿಗೂ ಗಂಡಸರಷ್ಟೇ ಸಂಭಾವನೆ ಎಂದು ಸಾರಿತು: ಟೆಸ್ಟಿಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ-20 ಪಂದ್ಯಕ್ಕೆ 3 ಲಕ್ಷ. ಆದರೆ ದೇಶದ ಪರ ಆಡುವವರು ಹನ್ನೊಂದೇ ಜನ. ರಾಜ್ಯದ ಪರ ಆಡುವವರ ಗತಿ ಏನು? ಅವರಿಗೆ ದಿನಕ್ಕೆ 12,500 ರೂಪಾಯಿ ಇದ್ದದ್ದು 2021ರಲ್ಲಿ 20,000 ಆಯಿತು, 2025ರ ಡಿಸೆಂಬರಿನಲ್ಲಿ ಅದನ್ನು 50,000ಕ್ಕೆ ಏರಿಸಿದರು. ಹಂಗಾಮಿನಲ್ಲಿ ಎಂಟು ಏಕದಿನ ಪಂದ್ಯ ಆಡಿದ ಹುಡುಗಿಗೆ ನಾಲ್ಕು ಲಕ್ಷ. ಎಕರೆಗಟ್ಟಲೆ ತೊಗರಿ ಬಿತ್ತಿ ಮಳೆಯ ದಾರಿ ಕಾಯುವ ನಮ್ಮ ರೈತರಿಗೆ ಈ ಅಂಕಿಯ ತೂಕ ಬಿಡಿಸಿ ಹೇಳಬೇಕಾಗಿಲ್ಲ.

ಇದಲ್ಲದೆ 2023ರಲ್ಲಿ ಮಹಿಳೆಯರ ಪ್ರೀಮಿಯರ್ ಲೀಗ್ ಶುರುವಾಯಿತು. ಅದೇ ವರ್ಷ ಕರ್ನಾಟಕ ತಂಡ ರಾಷ್ಟ್ರೀಯ ಏಕದಿನ ಪಂದ್ಯಾವಳಿಯ ಫೈನಲ್ ತಲುಪಿತ್ತು. ಆ ಹಂಗಾಮಿನಲ್ಲಿ ಚೆನ್ನಾಗಿ ಆಡಿದ ವೃಂದಾ ದಿನೇಶ್ ಅವರನ್ನು, ಭಾರತ ತಂಡಕ್ಕೆ ಇನ್ನೂ ಆಡದಿದ್ದರೂ, ಲೀಗಿನ ಒಂದು ತಂಡ 1 ಕೋಟಿ 30 ಲಕ್ಷಕ್ಕೆ ತೆಗೆದುಕೊಂಡಿತು. 2024ರಲ್ಲಿ ಬೆಂಗಳೂರು ತಂಡ ಲೀಗ್ ಗೆದ್ದಾಗ ಫೈನಲ್ಲಿನಲ್ಲಿ 12 ರನ್ನಿಗೆ 4 ವಿಕೆಟ್ ತೆಗೆದವರು ಕರ್ನಾಟಕದ ಶ್ರೇಯಾಂಕಾ ಪಾಟೀಲ.

ಆದರೆ ಹಿಗ್ಗುವ ಮುಂಚೆ ಒಂದು ಮಾತು. 2025ರ ನವೆಂಬರ್ 2ರಂದು ಭಾರತದ ಮಹಿಳೆಯರು ನವಿ ಮುಂಬಯಿಯಲ್ಲಿ ದಕ್ಷಿಣ ಆಫ್ರಿಕಾವನ್ನು ಸೋಲಿಸಿ ಮೊದಲ ಬಾರಿಗೆ ವಿಶ್ವಕಪ್ ಎತ್ತಿದರಲ್ಲ, ಆ ತಂಡದಲ್ಲಿ ಕರ್ನಾಟಕದ ಒಂದು ಹೆಸರೂ ಇರಲಿಲ್ಲ. ಹೈದರಾಬಾದಿನ ಅರುಂಧತಿ ರೆಡ್ಡಿ ಇದ್ದರು, ಕಡಪ ಜಿಲ್ಲೆಯ ಶ್ರೀಚರಣಿ ಇದ್ದರು, ಮಧ್ಯಪ್ರದೇಶದ ಛತರಪುರ ಜಿಲ್ಲೆಯ ಘುವಾರಾ ಎಂಬ ಸಣ್ಣ ಊರಿನ ಕ್ರಾಂತಿ ಗೌಡ್ ಇದ್ದರು. ಹಿಮಾಚಲದ ಹಳ್ಳಿಯ ರೇಣುಕಾ ಸಿಂಗ್ ಇದ್ದರು. ಶಾಂತಾ ಅವರಿಂದ ಶುರುವಾದ ಸಾಲೇ ಒಂದು ಹೊತ್ತು ಖಾಲಿಯಾಗಬಹುದು. ಯಾರೂ ಕೇಳದ ಊರಿನಿಂದ ಒಬ್ಬಳು ಎದ್ದು ಬರಬಹುದು. ಹಳೆಯ ಹೆಸರಿನ ಬಡ್ಡಿಯ ಮೇಲೆ ಯಾವ ತಂಡವೂ ಬಹಳ ದಿನ ಬದುಕುವುದಿಲ್ಲ.

ಹಾಗಾದರೆ ನಮ್ಮ ಕಡೆಯ ಹುಡುಗಿ ಯಾವ ತಂಡಕ್ಕೆ ಹೋಗಬೇಕು? ಹಿರಿಯರಿಗೆ ನೆನಪಿರಬಹುದು: 1956ರ ನವೆಂಬರ್ 1ರ ಮುಂಚೆ ಜಹೀರಾಬಾದ್, ನಾರಾಯಣಖೇಡಗಳು ಬೀದರ ಜಿಲ್ಲೆಯವು, ತಾಂಡೂರು ಗುಲ್ಬರ್ಗಾ ಜಿಲ್ಲೆಯದು. ಅಂದು ಗೆರೆ ಎಳೆದರು. ಆಟದ ಲೆಕ್ಕದಲ್ಲಿಯೂ ಅದೇ ಗೆರೆ. ಬೀದರಿನ ಹುಡುಗಿ ಕರ್ನಾಟಕಕ್ಕೆ ಆಡುತ್ತಾಳೆ. ಬಸ್ಸಿನಲ್ಲಿ ಒಂದು ತಾಸಿನ ಈಚೆ ಇರುವ ನಮ್ಮ ಹುಡುಗಿಯ ಹಾದಿ ಹೈದರಾಬಾದಿಗೆ. ಇದರಲ್ಲಿ ಬೇಸರಪಡುವುದೇನೂ ಇಲ್ಲ. 2025ರ ಫೆಬ್ರವರಿಯಲ್ಲಿ ಹತ್ತೊಂಬತ್ತರ ಒಳಗಿನ ಹುಡುಗಿಯರು ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದಾಗ ನಾಯಕಿ ಕರ್ನಾಟಕದ ನಿಕಿ ಪ್ರಸಾದ್, ಸರಣಿಯ ಶ್ರೇಷ್ಠ ಆಟಗಾರ್ತಿ ಭದ್ರಾಚಲದ ಗೊಂಗಡಿ ತ್ರಿಷಾ. ಕನ್ನಡದ ನಾಯಕಿ ಚೆಂಡು ಕೊಟ್ಟಳು, ತೆಲುಗಿನ ಹುಡುಗಿ ವಿಕೆಟ್ ತೆಗೆದಳು. ಎರಡೂ ಮಾತು ಬಲ್ಲ ನಮ್ಮ ಮಕ್ಕಳಿಗೆ ಇಬ್ಬರೂ ಅಕ್ಕಂದಿರೇ.

ಇನ್ನು ಮನೆಯ ಮಾತು. ನಮ್ಮ ಓಣಿಯ ಒಬ್ಬ ತಾಯಿ ನನ್ನನ್ನು ಕೇಳಿದಳು: “ಕಾಕಾ, ಪೋರಿ ಹುಡುಗರ ಜೋಡಿ ಬಾಲು ಒಗೀತಾಳ. ದೊಡ್ಡಾಕಿ ಆಗ್ಲಿಕ್ಕತ್ಯಾಳ, ಮಂದಿ ಏನಂತಾರ?” ನಾನೆಂದೆ: “ಮಂದಿ ಇವತ್ತ ಅಂತಾರ, ನಾಳೆ ಮರೀತಾರವ್ವ. ಪೋರಿ ಮಾತ್ರ ಆಟ ಬಿಟ್ಟದ್ದು ಮರೆಯೂದಿಲ್ಲ.” ಆಕೆಯ ಅಂಜಿಕೆ ಸುಳ್ಳಲ್ಲ. ಸಂಜೆ ಮಗಳು ತಿರುಗಿ ಬರುವ ದಾರಿ, ಜೊತೆಗೆ ಯಾರು, ಬಟ್ಟೆ ಬದಲಿಸಲು ಜಾಗ ಎಲ್ಲಿ, ಎಲ್ಲವೂ ತಾಯಿ ಕೇಳಲೇಬೇಕಾದ ಪ್ರಶ್ನೆಗಳು. ಉತ್ತರ ಕೊಡಬೇಕಾದವರು ಆ ತಾಯಿ ಒಬ್ಬಳೇ ಅಲ್ಲ, ಊರಿನ ಹಿರಿಯರಾದ ನಾವು.

ನಾವು ಮಾಡಬಹುದಾದದ್ದು ದೊಡ್ಡದೇನಲ್ಲ. ಶಾಲೆ ಬಿಟ್ಟ ಮೇಲೆ ಒಂದು ತಾಸು ಶಾಲೆಯ ಬಯಲನ್ನು ಹುಡುಗಿಯರಿಗೇ ಬಿಟ್ಟುಕೊಡಬೇಕು; ಹುಡುಗರು ಮುಗಿಸಿದ ಮೇಲೆ ಉಳಿದ ಹೊತ್ತನ್ನಲ್ಲ. ಒಂದೇ ಊರಿನಲ್ಲಿ ಹನ್ನೊಂದು ಜನ ಆಗದಿದ್ದರೆ ಎರಡು ಮೂರು ಊರು ಕೂಡಿ ಒಂದು ತಂಡ ಕಟ್ಟಬೇಕು. ಒಬ್ಬ ಮಾಸ್ತರಿಣಿಯೋ, ಒಬ್ಬ ತಾಯಿಯೋ ಬಯಲಿನಲ್ಲಿ ಕೂತಿರಬೇಕು.

ಇನ್ನೊಂದು, ಗುಮಾಸ್ತನ ಮಾತು: ಕಾಗದ ಸರಿ ಇಟ್ಟುಕೊಳ್ಳಿ. ಹದಿನೈದರ ಒಳಗಿನ, ಹತ್ತೊಂಬತ್ತರ ಒಳಗಿನ ತಂಡಗಳಿಗೆ ಹುಟ್ಟಿದ ತಾರೀಖಿನ ದಾಖಲೆ ಮುಖ್ಯ. ಜನನ ಪತ್ರದಲ್ಲಿ ಒಂದು ತಾರೀಖು, ಶಾಲೆಯಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು ಇದ್ದರೆ, ತೆಲುಗಿನಲ್ಲಿ ಬರೆದ ಹೆಸರು ಒಂದು, ಕನ್ನಡದಲ್ಲಿ ಕರೆಯುವ ಹೆಸರು ಇನ್ನೊಂದು ಆದರೆ, ಆಟ ಬಲ್ಲ ಹುಡುಗಿಯೂ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಕೌಂಟರಿನಲ್ಲಿ ಕೂತು ಇಂಥ ಹೆಸರಿನ ತೊಡಕುಗಳನ್ನು ನಾನು ಎಷ್ಟೋ ಕಂಡಿದ್ದೇನೆ. ಹತ್ತು ವರ್ಷ ತುಂಬಿದ ಮಕ್ಕಳು ಬ್ಯಾಂಕು ಹಾಕುವ ಮಿತಿಯೊಳಗೆ ತಮ್ಮ ಉಳಿತಾಯ ಖಾತೆಯನ್ನು ತಾವೇ ನಡೆಸಬಹುದು. ಮಗಳ ಹೆಸರಿನಲ್ಲಿ ಒಂದು ಖಾತೆ ತೆರೆಯಿರಿ. ಬಹುಮಾನದ ನೂರು ರೂಪಾಯಿ ಬಂದರೂ ಅದು ಅವಳ ಹೆಸರಿಗೇ ಜಮಾ ಆಗಲಿ. ತನ್ನ ದುಡಿಮೆ ತನ್ನದೆಂದು ಅವಳಿಗೆ ಅನ್ನಿಸುವುದು ಅಲ್ಲಿಂದಲೇ.

ಎಲ್ಲ ಹುಡುಗಿಯರೂ ರಾಜೇಶ್ವರಿ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ನೂರು ಹುಡುಗಿಯರು ಆಡಿದ ಊರಿನಿಂದ ಒಬ್ಬಳು ತಂಡ ಸೇರುತ್ತಾಳೆ. ಉಳಿದ ತೊಂಬತ್ತೊಂಬತ್ತು ಜನರಿಗೆ ಮೈಯಲ್ಲಿ ಕಸುವು, ಮಾತಿನಲ್ಲಿ ಧೈರ್ಯ ಉಳಿಯುತ್ತದೆ. ಆ ಅಸಲು ಎಲ್ಲಿಯೂ ಮುಳುಗುವುದಿಲ್ಲ.