ಬಹುಮತಕ್ಕೂ ಒಂದು ಮೇರೆಯಿದೆ

(ಇಂಡಿ ತಾಲೂಕಿನ ಅಗರಖೇಡದಲ್ಲಿ ಮಾಡಿದ ಭಾಷಣದ ಬರಹ ರೂಪ)



ಜನರು ಆರಿಸಿದ ಸರಕಾರದ ನಿರ್ಧಾರವನ್ನು ಜನರು ಆರಿಸದ ನ್ಯಾಯಾಧೀಶರು ರದ್ದುಪಡಿಸುವುದು ಸರಿಯೇ? ಈ ಪ್ರಶ್ನೆಯನ್ನು ಅಧಿಕಾರದಲ್ಲಿರುವವರು ಆಗಾಗ ಎತ್ತುತ್ತಾರೆ. ಉತ್ತರ ಸಂವಿಧಾನದಲ್ಲಿಯೇ ಇದೆ. ಮೂಲಭೂತ ಹಕ್ಕುಗಳಿಗೆ ವಿರುದ್ಧವಾದ ಕಾನೂನು ಆ ವಿರೋಧದ ಮಟ್ಟಿಗೆ ಅಸಿಂಧು ಎಂದು 13ನೇ ವಿಧಿ ಸಾರುತ್ತದೆ. ಹಕ್ಕಿಗೆ ಧಕ್ಕೆಯಾದವನು 32ನೇ ವಿಧಿಯನ್ವಯ ಸುಪ್ರೀಮ್ ಕೋರ್ಟಿಗೂ 226ನೇ ವಿಧಿಯನ್ವಯ ಹೈಕೋರ್ಟಿಗೂ ಹೋಗಬಹುದು. ಇದನ್ನೇ ನಾವು ನ್ಯಾಯಾಂಗ ವಿಮರ್ಶೆ ಎನ್ನುತ್ತೇವೆ. ಚುನಾವಣೆಯು ಆಳುವ ಅಧಿಕಾರವನ್ನು ನೀಡುತ್ತದೆ. ಮೇರೆ ಮೀರುವ ಅಧಿಕಾರವನ್ನು ನೀಡುವುದಿಲ್ಲ.

ನಮ್ಮ ನಾಡಿನದೇ ಉದಾಹರಣೆ ನೋಡೋಣ. 1989ರ ಏಪ್ರಿಲ್‌ನಲ್ಲಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರಿಗೆ 19 ಶಾಸಕರ ಬೆಂಬಲವಿಲ್ಲವೆಂಬ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈ ಸೇರಿದವು. ಬಳಿಕ ಅವರಲ್ಲಿ ಏಳು ಮಂದಿ ತಾವು ಸರಕಾರದ ಪರವೆಂದು ಬರೆದುಕೊಟ್ಟರು. ಸದನದಲ್ಲಿ ಬಹುಮತ ಸಾಬೀತುಪಡಿಸಲು ಸಿದ್ಧವೆಂದು ಬೊಮ್ಮಾಯಿಯವರು ಹೇಳಿದರೂ ಅವಕಾಶ ದೊರೆಯಲಿಲ್ಲ. ಏಪ್ರಿಲ್ 21ರಂದು ಸರಕಾರ ವಜಾಗೊಂಡಿತು, ವಿಧಾನಸಭೆ ವಿಸರ್ಜನೆಯಾಯಿತು. ಹೈಕೋರ್ಟು ಅವರ ಅರ್ಜಿಯನ್ನು ತಿರಸ್ಕರಿಸಿತು.

1994ರ ಮಾರ್ಚ್ 11ರಂದು ಸುಪ್ರೀಮ್ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಆ ವಜಾ ಸಂವಿಧಾನಬಾಹಿರವೆಂದು ತೀರ್ಪಿತ್ತಿತು. ಬಹುಮತವನ್ನು ಅಳೆಯಬೇಕಾದ ಸ್ಥಳ ರಾಜಭವನವಲ್ಲ, ಸದನ. ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯೂ ನ್ಯಾಯಾಲಯದ ಪರಿಶೀಲನೆಗೆ ಒಳಪಟ್ಟದ್ದು. ಜಾತ್ಯತೀತತೆ ಸಂವಿಧಾನದ ಮೂಲ ಲಕ್ಷಣ. ಇವು ಆ ತೀರ್ಪಿನ ಸಾರ.

ಆದರೆ ಅಷ್ಟರಲ್ಲಿ ಐದು ವರ್ಷಗಳು ಸಂದಿದ್ದವು. 1989ರ ಕೊನೆಯಲ್ಲಿಯೇ ಚುನಾವಣೆ ಮುಗಿದು ಬೇರೆ ಸರಕಾರ ಬಂದಿತ್ತು. ಬೊಮ್ಮಾಯಿಯವರು ಗೆದ್ದರು, ಅವರ ಸರಕಾರ ಮರಳಲಿಲ್ಲ. ಹಾಗಾದರೆ ಆ ಹೋರಾಟ ವ್ಯರ್ಥವೇ? ಖಂಡಿತ ಅಲ್ಲ. 2018ರ ಮೇ ತಿಂಗಳಲ್ಲಿ ಇದೇ ಕರ್ನಾಟಕದಲ್ಲಿ ಬಹುಮತ ಸಾಬೀತಿಗೆ ರಾಜ್ಯಪಾಲರು 15 ದಿನ ಕೊಟ್ಟಾಗ, ಸುಪ್ರೀಮ್ ಕೋರ್ಟು ನಡುರಾತ್ರಿ ವಿಚಾರಣೆ ನಡೆಸಿತು. ಮರುದಿನವೇ ಸದನದಲ್ಲಿ ಬಲಾಬಲ ಪರೀಕ್ಷೆಯಾಗಲಿ ಎಂದು ಮೇ 18ರಂದು ಆಜ್ಞಾಪಿಸಿತು. ಒಬ್ಬರಿಗೆ ತಡವಾಗಿ ಸಿಕ್ಕ ನ್ಯಾಯ ಮುಂದಿನವರಿಗೆ ಸಕಾಲದಲ್ಲಿ ಸಿಕ್ಕಿತು.

ನ್ಯಾಯಾಲಯಗಳೂ ಎಡವುತ್ತವೆ. ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಬಂಧಿತರಿಗೆ ಕೋರ್ಟಿನ ಬಾಗಿಲು ತಟ್ಟುವ ಹಕ್ಕಿಲ್ಲವೆಂದು ಸುಪ್ರೀಮ್ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು ಹೇಳಿದರು. ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಆ ತೀರ್ಪನ್ನು ತಳ್ಳಿಹಾಕಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ. ಹಿಜಾಬ್ ಪ್ರಕರಣದಲ್ಲಿಯೂ 2022ರ ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಅಭಿಪ್ರಾಯ ನೀಡಿದರು. ಆದುದರಿಂದ ತೀರ್ಪು ಪರವಾದಾಗ ಕೊಂಡಾಡಿ, ವಿರುದ್ಧವಾದಾಗ ಕೋರ್ಟನ್ನೇ ಶಪಿಸುವುದು ನಮಗೆ ಶೋಭೆಯಲ್ಲ. ತೀರ್ಪಿಗೆ ಕೊಟ್ಟ ಕಾರಣಗಳನ್ನು ಓದಬೇಕು, ಒಪ್ಪದಿದ್ದರೆ ಕಾರಣ ಸಹಿತ ಟೀಕಿಸಬೇಕು, ಕಾನೂನಿನ ದಾರಿಯಲ್ಲಿಯೇ ಮತ್ತೆ ಪ್ರಶ್ನಿಸಬೇಕು.

ಇದೆಲ್ಲ ದೆಹಲಿಯ ಮಾತು, ಅಗರಖೇಡಕ್ಕೇನು ಸಂಬಂಧ ಎನ್ನಬೇಡಿ. 2008ರವರೆಗೆ ಈ ಭಾಗದವರು ರಿಟ್ ಅರ್ಜಿಗೆ ಬೆಂಗಳೂರಿಗೇ ಹೋಗಬೇಕಿತ್ತು. ಆ ವರ್ಷ ಕಲಬುರಗಿಯಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಪಡಿತರ ಚೀಟಿ ರದ್ದಾಗಲಿ, ನೋಟಿಸಿಲ್ಲದೆ ಮನೆ ಕೆಡವಲು ಬರಲಿ, ಅಧಿಕಾರಿಯ ಆದೇಶವನ್ನು ಲಿಖಿತವಾಗಿ ಕೇಳಿ ಪಡೆಯಿರಿ, ಪ್ರತಿಯನ್ನು ಜೋಪಾನವಾಗಿಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ದೊರೆಯುತ್ತಾರೆ. ಆದಾಯ ಮಿತಿಯೊಳಗಿನ ಇತರರಿಗೂ ಆ ಸೌಲಭ್ಯವಿದೆ.

ನ್ಯಾಯಾಲಯವು ಸಾಮಾನ್ಯವಾಗಿ ತಾನಾಗಿ ನಮ್ಮ ಮನೆಗೆ ಬರುವುದಿಲ್ಲ. ಯಾರಾದರೊಬ್ಬರು ಅರ್ಜಿ ಹಿಡಿದು ಹೋಗಬೇಕು. ಆ ಒಬ್ಬರು ನಮ್ಮ ಮನೆಯ ಓದಿದ ಮಗಳೋ ಮಗನೋ ಆಗಲಿ. ಪ್ರತಿ ಊರಿನಲ್ಲಿಯೂ ಕಾನೂನು ಬಲ್ಲ ನಾಲ್ಕು ಮಂದಿಯನ್ನು ಸಜ್ಜುಗೊಳಿಸುವ ಹೊಣೆಯನ್ನು ನಾವು ಇಂದೇ ಹೊತ್ತುಕೊಳ್ಳೋಣ.