ಹದಿನೆಂಟು ತುಂಬಿದ ಮೇಲೂ ಬಾಗಿಲು ತೆರೆದಿರಲಿ

(ಬೊಮ್ಮಸಂದ್ರದ ಶರಣ ಬಂಧುಗಳ ತಿಂಗಳ ಅನುಭಾವಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ಇಂದಿನ ಗೋಷ್ಠಿಗೆ ನನಗೆ ಕೊಟ್ಟ ವಿಷಯ ‘ದಾಸೋಹ ಮತ್ತು ಯುವಜನ’. ವಿಷಯ ದೊಡ್ಡದು. ಅದರಲ್ಲಿ ಒಂದೇ ಒಂದು ಗುಂಪಿನ ಬಗ್ಗೆ ನಾನು ಮಾತಾಡುತ್ತೇನೆ. ತಂದೆ ತಾಯಿ ಇಲ್ಲದೆ, ಅಥವಾ ಇದ್ದೂ ಸಾಕುವ ಸ್ಥಿತಿಯಲ್ಲಿಲ್ಲದೆ, ಬಾಲಮಂದಿರಗಳಲ್ಲಿ, ಆಶ್ರಮಗಳಲ್ಲಿ ಬೆಳೆದ ಮಕ್ಕಳಿದ್ದಾರೆ. ಹದಿನೆಂಟು ತುಂಬಿತು ಎಂದರೆ ಅವರು ಅಲ್ಲಿಂದ ಹೊರಡಬೇಕು. ಹಾಗೆ ಹೊರಟವರು ಎಲ್ಲಿಗೆ ಹೋಗುತ್ತಾರೆ? ಬಹಳ ಮಂದಿ ಇಲ್ಲಿಗೇ ಬರುತ್ತಾರೆ. ನಮ್ಮ ಬೊಮ್ಮಸಂದ್ರಕ್ಕೆ, ಜಿಗಣಿಗೆ, ಅತ್ತಿಬೆಲೆಗೆ, ಆ ಕಡೆ ಪೀಣ್ಯಕ್ಕೆ. ಕೆಲಸ ಇರುವ ಕಡೆಗೆ ಜನ ಬರುವುದು ಸಹಜ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ನಮ್ಮೂರಿನವರೆಗೆ ಹಳದಿ ಮೆಟ್ರೊ ಬಂದ ಮೇಲೆ ದಾರಿ ಇನ್ನೂ ಸಲೀಸಾಗಿದೆ. ಊರು ಹತ್ತಿರವಾಗಿದೆ. ಆದರೆ ಮನುಷ್ಯರು ಹತ್ತಿರವಾಗಿದ್ದಾರೆಯೆ ಎಂಬುದು ನನ್ನ ಪ್ರಶ್ನೆ.

ಈ ಭಾಗದ ಕಾರ್ಖಾನೆಗಳ ಸಿಬ್ಬಂದಿ ವಿಭಾಗದಲ್ಲಿ ನಾನು ಬಹಳ ವರ್ಷ ಕೆಲಸ ಮಾಡಿದೆ. ಹೊಸ ಹುಡುಗರು ಸೇರುವಾಗ ಅರ್ಜಿ ತುಂಬಿಸುವುದು ನನ್ನ ಕಾಯಕವಾಗಿತ್ತು. ಆ ಅರ್ಜಿಯಲ್ಲಿ ಕೆಲವು ಅಂಕಣಗಳಿರುತ್ತವೆ. ತಂದೆಯ ಹೆಸರು, ಕಾಯಂ ವಿಳಾಸ, ಪರಿಚಯಸ್ಥರಿಬ್ಬರ ಹೆಸರು, ತುರ್ತು ಸಮಯದಲ್ಲಿ ಯಾರಿಗೆ ಫೋನ್ ಮಾಡಬೇಕು. ನಮಗೆ ಇವೆಲ್ಲ ಎರಡು ನಿಮಿಷದ ಕೆಲಸ. ಆಶ್ರಮದಲ್ಲಿ ಬೆಳೆದು ಬಂದ ಒಬ್ಬ ಹುಡುಗ ಆ ಕಾಗದದ ಮುಂದೆ ಅರ್ಧ ಗಂಟೆ ಕೂತಿದ್ದ. ಕೊನೆಗೆ ಪಿಎಫ್ ಅರ್ಜಿಯ ನಾಮಿನಿ ಅಂಕಣಕ್ಕೆ ಬಂದಾಗ, “ಸರ್, ನಮ್ಮ ಆಶ್ರಮದ ಅಡುಗೆ ಅಮ್ಮನ ಹೆಸರು ಬರೆಯಬಹುದಾ?” ಎಂದು ಕೇಳಿದ. ಕುಟುಂಬ ಇಲ್ಲದವರು ಯಾರ ಹೆಸರನ್ನಾದರೂ ಬರೆಯಬಹುದು, ಕಾನೂನು ಒಪ್ಪುತ್ತದೆ. ಬರೆದ.

ಅದೇ ಹುಡುಗ ದೀಪಾವಳಿಗೂ ರಜೆ ಕೇಳುತ್ತಿರಲಿಲ್ಲ, ಯುಗಾದಿಗೂ ಕೇಳುತ್ತಿರಲಿಲ್ಲ. ಓವರ್‌ಟೈಮ್‌ಗೆ ಮೊದಲು ಕೈ ಎತ್ತುವವನು ಅವನೇ. ಜೊತೆಯವರು ದುಡ್ಡಿನ ಆಸೆ ಎಂದು ತಮಾಷೆ ಮಾಡುತ್ತಿದ್ದರು. ಅವನಿಗಿದ್ದದ್ದು ದುಡ್ಡಿನ ಆಸೆಯಲ್ಲ. ಹಬ್ಬದ ದಿನ ಪಿಜಿಯಲ್ಲಿ ಎಲ್ಲರೂ ಊರಿಗೆ ಹೋಗಿರುತ್ತಾರೆ, ಅಡುಗೆಯೂ ಇರುವುದಿಲ್ಲ. ಕಾರ್ಖಾನೆಯಲ್ಲಾದರೆ ಕ್ಯಾಂಟೀನ್ ಇರುತ್ತದೆ, ನಾಲ್ಕು ಜನ ಇರುತ್ತಾರೆ.

ನಾನೂ ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವನು. ಇಲ್ಲಿ ಕೂತವರಲ್ಲಿ ಬಹಳ ಜನ ಹಾಗೆ ಓದಿದವರೇ. ಆದ್ದರಿಂದ ಇದೂ ಅಂಥದ್ದೇ ಕಷ್ಟ, ನಾವೂ ಪಟ್ಟು ಮೇಲೆ ಬಂದಿಲ್ಲವೆ ಎಂದು ಯಾರಿಗಾದರೂ ಅನಿಸಬಹುದು. ಒಂದು ವ್ಯತ್ಯಾಸವಿದೆ. ರಜೆ ಬಂದಾಗ ನಮಗೆ ಊರಿತ್ತು. ಬಡತನವಿತ್ತು, ಆದರೆ ಹೋದರೆ ರೊಟ್ಟಿ ತಟ್ಟಿ ಹಾಕುವ ಅವ್ವ ಇದ್ದಳು. ಪರೀಕ್ಷೆಯಲ್ಲಿ ಫೇಲಾದರೆ, ಕೆಲಸ ಹೋದರೆ, ಜ್ವರ ಬಂದರೆ ಮರಳಿ ಹೋಗಲು ಒಂದು ಮನೆ ಇತ್ತು. ಆ ಮನೆ ಬೆನ್ನಿಗಿದ್ದ ಧೈರ್ಯದಲ್ಲೇ ನಾವು ಬೆಂಗಳೂರಿನಲ್ಲಿ ಎರಡು ಸಲ ಎಡವಿದರೂ ಮೂರನೆಯ ಸಲ ಎದ್ದು ನಿಂತೆವು. ಬಾಲಮಂದಿರ ಬಿಟ್ಟು ಬಂದವರಿಗೆ ಎಡವಲು ಅವಕಾಶವೇ ಇಲ್ಲ. ಒಂದು ತಿಂಗಳ ಸಂಬಳ ತಪ್ಪಿದರೆ ಬಾಡಿಗೆ ತಪ್ಪುತ್ತದೆ, ಬಾಡಿಗೆ ತಪ್ಪಿದರೆ ರಸ್ತೆ. ನಮ್ಮ ಮನೆಯ ಮಗನನ್ನು ಹದಿನೆಂಟಕ್ಕೆ ಹೊರಗೆ ಕಳಿಸುತ್ತೇವೆಯೆ? ಇಪ್ಪತ್ತೈದಾದರೂ ಮೊಬೈಲ್ ಬಿಲ್ಲನ್ನು ನಾವೇ ಕಟ್ಟುತ್ತಿರುತ್ತೇವೆ.

ಕಾನೂನು ಈ ಮಕ್ಕಳನ್ನು ಪೂರ್ತಿ ಮರೆತಿಲ್ಲ. ಅದನ್ನು ತಿಳಿದುಕೊಳ್ಳೋಣ. 2015ರ ಬಾಲನ್ಯಾಯ ಕಾಯ್ದೆಯ 46ನೆಯ ಕಲಮು, ಹದಿನೆಂಟು ತುಂಬಿ ಸಂಸ್ಥೆ ಬಿಡುವವರಿಗೆ ಸಮಾಜದಲ್ಲಿ ನೆಲೆ ನಿಲ್ಲಲು ಆರ್ಥಿಕ ನೆರವು ನೀಡಬಹುದು ಎನ್ನುತ್ತದೆ. 2016ರ ಮಾದರಿ ನಿಯಮಗಳಲ್ಲಿ ಈ ಅನುಪಾಲನೆ 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ ಇನ್ನೆರಡು ವರ್ಷ, ಅಂದರೆ 23ರವರೆಗೆ ಎಂದಿದೆ. ಆರರಿಂದ ಎಂಟು ಜನರಿಗೆ ತಾತ್ಕಾಲಿಕ ಗುಂಪು ವಸತಿ, ತರಬೇತಿ ಕಾಲದಲ್ಲಿ ಭತ್ಯೆ, ಸದಾ ಸಂಪರ್ಕದಲ್ಲಿರುವ ಆಪ್ತಸಮಾಲೋಚಕರು, ಇದೆಲ್ಲ ಆ ನಿಯಮಗಳಲ್ಲಿದೆ. ಮಗು ಹೊರಡುವ ಎರಡು ತಿಂಗಳ ಮೊದಲೇ ಮುಂದಿನ ಯೋಜನೆ ಸಿದ್ಧವಾಗಬೇಕು ಎಂದೂ ಇದೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅನುಪಾಲನೆಗೆ ತಿಂಗಳಿಗೆ 4,000 ರೂಪಾಯಿ ನಿಗದಿಯಾಗಿದೆ. ಕೋವಿಡ್‌ನಲ್ಲಿ ತಂದೆ ತಾಯಿಯನ್ನು ಕಳೆದುಕೊಂಡ ಮಕ್ಕಳಿಗೆ 2021ರಲ್ಲಿ ಪಿಎಂ ಕೇರ್ಸ್ ಯೋಜನೆ ಬಂತು. ಅದರಲ್ಲಿ 10 ಲಕ್ಷ ರೂಪಾಯಿಯ ನಿಧಿ ಇಟ್ಟು, 18ರಿಂದ 23ರವರೆಗೆ ತಿಂಗಳ ಭತ್ಯೆ, 23ಕ್ಕೆ ಇಡಿಯ ಮೊತ್ತ ಎಂದು ಗೊತ್ತುಮಾಡಿದರು. ಹದಿನೆಂಟಕ್ಕೆ ಬದುಕು ನೆಲೆಗೊಳ್ಳುವುದಿಲ್ಲ ಎಂದು ಸರ್ಕಾರವೇ ಒಪ್ಪಿಕೊಂಡಂತಾಯಿತಲ್ಲ! ಇಂಗ್ಲೆಂಡಿನಲ್ಲಿ ಹೀಗೆ ಬೆಳೆದವರಿಗೆ ಒಬ್ಬ ಸಲಹೆಗಾರರ ನೆರವು 25 ವರ್ಷದವರೆಗೂ ಸಿಗುತ್ತದೆ.

ಹಾಗಾದರೆ ನಮ್ಮ ಕೆಲಸವೇನು? ‘ನೀಡಬಹುದು’ ಎಂದು ಬರೆದ ನೆರವು ಕೇಳಿದವರಿಗೆ ಮಾತ್ರ ಸಿಗುತ್ತದೆ. ಕೇಳಬೇಕಾದ ಹುಡುಗನಿಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಎಲ್ಲಿದೆ ಎಂಬುದೇ ತಿಳಿದಿರುವುದಿಲ್ಲ. ತಿಳಿದರೂ ಶಿಫ್ಟ್ ಬಿಟ್ಟು ಕಚೇರಿಗೆ ಅಲೆದರೆ ಆ ದಿನದ ಸಂಬಳ ಹೋಗುತ್ತದೆ. ಇನ್ನೊಂದು ಮಾತು, ಸರ್ಕಾರ ದುಡ್ಡು ಕೊಡಬಲ್ಲದು. “ಊಟ ಆಯ್ತೇನಪ್ಪಾ?” ಎಂದು ಕೇಳಲು ಮನುಷ್ಯರೇ ಬೇಕು.

ನಮ್ಮ ಪರಂಪರೆಯಲ್ಲಿ ಇದಕ್ಕೆ ದಾರಿ ಇದೆ. 1941ರಲ್ಲಿ ಸಿದ್ಧಗಂಗೆಯ ಹೊಣೆ ಹೊತ್ತ ಡಾ. ಶಿವಕುಮಾರ ಸ್ವಾಮಿಗಳು ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹವನ್ನು ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ನಡೆಸಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೋಡಿ. ಹುಟ್ಟು ಕುರುಡರಾಗಿದ್ದ ಪಂಚಾಕ್ಷರಿ ಗವಾಯಿಗಳಿಗೆ ಹಾನಗಲ್ಲ ಕುಮಾರ ಸ್ವಾಮಿಗಳು ಸಂಗೀತದ ದಾರಿ ತೋರಿದರು. ಆ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಅಂಧ ಮಕ್ಕಳಿಗೆ, ಅನಾಥ ಮಕ್ಕಳಿಗೆ ಅನ್ನದ ಜೊತೆಗೆ ಒಂದು ವಿದ್ಯೆ ಕೊಟ್ಟರು. ಆಶ್ರಮ ನಡೆಸಲು ನಾಟಕ ಕಂಪನಿಯನ್ನೂ ಕಟ್ಟಿದರು. ಅಲ್ಲಿಂದ ಹೊರಟವರು ಹಾಡುಗಾರರಾದರು, ಸಂಗೀತ ಶಿಕ್ಷಕರಾದರು, ಕೀರ್ತನಕಾರರಾದರು. ಮುಖ್ಯವಾದ ಸಂಗತಿ ಏನೆಂದರೆ, ಅವರು ಎಲ್ಲಿಗೇ ಹೋದರೂ ಪುಣ್ಯಾಶ್ರಮದ ಶಿಷ್ಯರಾಗಿಯೇ ಉಳಿದರು. ಕೈಗೊಂದು ಕಾಯಕ, ಹೇಳಿಕೊಳ್ಳಲು ಒಂದು ಮನೆ. ಎರಡೂ ಇದ್ದವು.

ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಬಂದವರೂ ಊರು ಕೇರಿ, ಬಂಧು ಬಳಗ ಬಿಟ್ಟು ಬಂದವರೇ. ಹುಟ್ಟಿನ ಗುರುತನ್ನು ಕಳಚಿ ಬಂದವರಿಗೆ ಅಲ್ಲಿ ಕಾಯಕ ಸಿಕ್ಕಿತು, ಶರಣರ ಸಂಗ ಸಿಕ್ಕಿತು. ತಂದೆ ಯಾರು ಎಂಬ ಅಂಕಣ ಅನುಭವ ಮಂಟಪದ ಬಾಗಿಲಲ್ಲಿ ಇರಲಿಲ್ಲ. ನಾವು ಆ ಶರಣರ ವಾರಸುದಾರರು ಎನ್ನುವುದಾದರೆ, ತಂದೆಯ ಹೆಸರಿಲ್ಲದ ಅರ್ಜಿ ಹಿಡಿದು ನಿಂತವರಿಗೆ ನಾವೇ ಬಳಗವಾಗಬೇಕು.

ಕೆಲವರು ನನ್ನನ್ನು ಕೇಳಿದ್ದಾರೆ: “ಯಾವ ಜಾತಿಯವರೋ ಏನೋ?” ಲಿಂಗಾಯತರ ಬಾಯಲ್ಲಿ ಬರಬಾರದ ಪ್ರಶ್ನೆ ಅದು. ಇನ್ನು ಕೆಲವರು, “ಜಾಮೀನು ನಿಂತ ಮೇಲೆ ಓಡಿಹೋದರೆ?” ಎನ್ನುತ್ತಾರೆ. ಇದು ನ್ಯಾಯವಾದ ಪ್ರಶ್ನೆ. ಒಬ್ಬಿಬ್ಬರು ಹೋಗಬಹುದು. ನಮ್ಮ ಬಂಧುಗಳ ಮಕ್ಕಳಲ್ಲಿ ಓಡಿಹೋದವರು ಇಲ್ಲವೆ? ನಷ್ಟವನ್ನು ಒಬ್ಬರ ತಲೆಗೆ ಕಟ್ಟದೆ ಎಲ್ಲರೂ ಹಂಚಿಕೊಂಡರೆ ಭಯ ಕಡಿಮೆಯಾಗುತ್ತದೆ. ಅದಕ್ಕೇ ಇದನ್ನು ಒಬ್ಬಿಬ್ಬರ ಔದಾರ್ಯಕ್ಕೆ ಬಿಡದೆ ಗೋಷ್ಠಿಯ ಕೆಲಸವಾಗಿ ಮಾಡೋಣ ಎನ್ನುತ್ತೇನೆ.

ನನ್ನ ಸಲಹೆ ನಾಲ್ಕು.

ಮೊದಲನೆಯದು, ಹದಿನೇಳಕ್ಕೇ ಪರಿಚಯ. ಹದಿನೆಂಟು ತುಂಬಿದ ದಿನ ಹುಡುಕಿದರೆ ತಡವಾಯಿತು. ಹೊಸೂರು ರಸ್ತೆಯಲ್ಲೇ ಸರ್ಕಾರಿ ಬಾಲಮಂದಿರವಿದೆ. ಮಕ್ಕಳ ಕಲ್ಯಾಣ ಸಮಿತಿಯ ಮತ್ತು ಜಿಲ್ಲಾ ಘಟಕದ ಒಪ್ಪಿಗೆ ಪಡೆದು, ಹೊರಡಲಿರುವ ಮಕ್ಕಳನ್ನು ಒಂದು ವರ್ಷ ಮೊದಲೇ ಭೇಟಿಯಾಗೋಣ. ಆಧಾರ್, ಬ್ಯಾಂಕ್ ಖಾತೆ, ಅಂಕಪಟ್ಟಿ, ಅನುಪಾಲನೆಯ ಅರ್ಜಿ ಎಲ್ಲವೂ ಅಲ್ಲಿರುವಾಗಲೇ ಸಿದ್ಧವಾಗಲಿ.

ಎರಡನೆಯದು, ಅಡ್ವಾನ್ಸ್ ನಿಧಿ. ಇಲ್ಲಿ ಬಾಡಿಗೆಗಿಂತ ಅಡ್ವಾನ್ಸ್ ಕಷ್ಟ, ಅದಕ್ಕಿಂತ ಮನೆ ಮಾಲೀಕರ ನಂಬಿಕೆ ಕಷ್ಟ. ಗೋಷ್ಠಿಯೇ ಅಡ್ವಾನ್ಸ್ ಕಟ್ಟಲಿ, ಕರಾರಿಗೆ ನಮ್ಮಲ್ಲಿ ಇಬ್ಬರು ಹಿರಿಯರು ಸಹಿ ಹಾಕಲಿ. ಮನೆ ಬಿಡುವಾಗ ಆ ಹಣ ನಿಧಿಗೆ ಮರಳುತ್ತದೆ, ಮುಂದಿನ ಮಗುವಿಗೆ ಆಗುತ್ತದೆ.

ಮೂರನೆಯದು, ಕಾಯಕ. ನಮ್ಮಲ್ಲಿ ಸಣ್ಣ ಕಾರ್ಖಾನೆ ಇಟ್ಟವರಿದ್ದೀರಿ, ವರ್ಕ್‌ಶಾಪ್ ನಡೆಸುವವರಿದ್ದೀರಿ. ಗುತ್ತಿಗೆದಾರನ ಮೂಲಕವಲ್ಲದೆ ನೇರವಾಗಿ ಅಪ್ರೆಂಟಿಸ್ ಆಗಿ ತೆಗೆದುಕೊಳ್ಳಿ. ಐಟಿಐ ಓದುವವರಿಗೆ ಸಂಜೆ ಪಾಳಿ ಹೊಂದಿಸಿ ಕೊಡಿ. ನ್ಯಾಯವಾದ ಸಂಬಳ, ಪಿಎಫ್, ಇಎಸ್‌ಐ ಇರಲಿ. ಊಟ ಹಾಕುತ್ತೇವೆ ಎಂದು ಸಂಬಳವಿಲ್ಲದೆ ಮನೆಗೆಲಸಕ್ಕೆ ಇಟ್ಟುಕೊಳ್ಳುವುದು ದಾಸೋಹವಲ್ಲ, ಜೀತ.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಒಬ್ಬೊಬ್ಬರಿಗೂ ಒಂದು ಮನೆ. ಗಂಡ ಹೆಂಡತಿ ಇಬ್ಬರೂ ಒಪ್ಪಿದ ಮನೆ. ವಾರಕ್ಕೊಂದು ಫೋನ್, ಯುಗಾದಿಗೆ, ಬಸವ ಜಯಂತಿಗೆ, ದೀಪಾವಳಿಗೆ ಊಟ. ಆಸ್ಪತ್ರೆಯಲ್ಲಿ “ಜೊತೆಗೆ ಯಾರಿದ್ದಾರೆ?” ಎಂದಾಗ ಹೋಗಿ ನಿಲ್ಲುವುದು. ಇದು ಒಂದು ಹಬ್ಬಕ್ಕೆ ಮುಗಿಯುವ ಕೆಲಸವಲ್ಲ. ಮೂರು ವರ್ಷ ನಿಭಾಯಿಸುತ್ತೇವೆ ಎನ್ನುವವರು ಮಾತ್ರ ಹೆಸರು ಕೊಡಿ. ಈ ಮಕ್ಕಳನ್ನು ನಡುವೆ ಕೈಬಿಟ್ಟವರು ಈಗಾಗಲೇ ಸಾಕಷ್ಟು ಜನರಿದ್ದಾರೆ.

ಕೆಲವು ಎಚ್ಚರಿಕೆಗಳೂ ಬೇಕು. ಹೆಣ್ಣುಮಕ್ಕಳ ಜೊತೆ ನಮ್ಮ ಅಕ್ಕತಂಗಿಯರೇ ಸಂಪರ್ಕದಲ್ಲಿರಲಿ. ಯಾರೂ ಒಂಟಿಯಾಗಿ, ಗೋಷ್ಠಿಗೆ ತಿಳಿಸದೆ, ಯಾರನ್ನೂ ಮನೆಯಲ್ಲಿ ಇಟ್ಟುಕೊಳ್ಳುವುದು ಬೇಡ. ಹುಡುಗಿಗೆ ಹದಿನೆಂಟಾಯಿತು, ಮದುವೆ ಮಾಡಿಸಿ ಕೈತೊಳೆದುಕೊಳ್ಳೋಣ ಎನ್ನುವ ಆತುರ ಬೇಡ. ಓದು, ಕೆಲಸ, ಮದುವೆ, ಮೂರನ್ನೂ ಅವಳೇ ನಿರ್ಧರಿಸಲಿ. ಇಷ್ಟಲಿಂಗ ಕಟ್ಟಿಕೊಂಡರೆ ಮಾತ್ರ ನೆರವು ಎಂಬ ಷರತ್ತು ಖಂಡಿತ ಬೇಡ. ಷರತ್ತು ಹಾಕಿ ಕೊಟ್ಟದ್ದು ವ್ಯಾಪಾರ. ಫೋಟೊ ತೆಗೆದು ವಾಟ್ಸಾಪಿಗೆ ಹಾಕುವುದೂ ಬೇಡ. ‘ಅನಾಥ’ ಎಂಬ ಹಣೆಪಟ್ಟಿಯನ್ನು ಹದಿನೆಂಟು ವರ್ಷ ಹೊತ್ತವರು ಅವರು.

ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸ. ನಿಧಿಯನ್ನು ಹೇಗೆ ಬಳಸಬೇಕು, ಯಾರಿಗೆ ಏನು ಬೇಕು ಎಂದು ತೀರ್ಮಾನಿಸುವ ಸಮಿತಿಯಲ್ಲಿ ಹೀಗೆ ಬೆಳೆದು ನೆಲೆ ನಿಂತ ಇಬ್ಬರಾದರೂ ಇರಬೇಕು ಎಂದು ನಾನು ಕೇಳಿಕೊಳ್ಳುವುದು ಇದಕ್ಕೇ. ನಮಗೆ ಕಾಣದ್ದು ಅವರಿಗೆ ಕಾಣುತ್ತದೆ.

ಊರಿನ ಅಷ್ಟೂ ಮಕ್ಕಳ ಹೊಣೆ ಇಂದೇ ಹೊರೋಣ ಎಂದು ನಾನು ಹೇಳುತ್ತಿಲ್ಲ. ಈ ವರ್ಷ ಐದು ಮಕ್ಕಳು ಸಾಕು. ಐದು ಮನೆ, ಹತ್ತು ಸಹಿ, ಒಂದು ನಿಧಿ. ಪ್ರಸಾದದ ನಂತರ ಬಾಗಿಲ ಬಳಿ ಒಂದು ಪುಸ್ತಕ ಇಟ್ಟಿರುತ್ತೇನೆ. ಮನೆಯಲ್ಲಿ ಮಾತಾಡಿಕೊಂಡು, ಆಗುತ್ತದೆ ಎನಿಸಿದವರು ಹೆಸರು ಬರೆಯಿರಿ.