ಪುಸ್ತಕದಲ್ಲಿ ಉಳಿದ ರನ್ನುಗಳು

ನಮ್ಮ ಆಸ್ಪರಿ ಕಡೆ ಶೇಂಗಾ ಕಿತ್ತು ಹೊಲ ಬಯಲಾದ ಮೇಲೆ ಹುಡುಗರು ಬ್ಯಾಟು ಹಿಡಿದು ಹೊರಡುತ್ತಾರೆ. ಆಟ ಮುಗಿಸಿ ಚಹದಂಗಡಿಗೆ ಬಂದರೆ ವಾದ ಶುರು. ಸಚಿನ್ ದೊಡ್ಡವನೋ, ದ್ರಾವಿಡ್ ದೊಡ್ಡವನೋ? ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ನಡೆಯುವ ಈ ಜಗಳವನ್ನು ಕೊನೆಗೆ ಒಬ್ಬ ಅಂಕಿ ಹೇಳಿ ನಿಲ್ಲಿಸುತ್ತಾನೆ: ಟೆಸ್ಟಿನಲ್ಲಿ ಸಚಿನ್ 15,921, ದ್ರಾವಿಡ್ 13,288. ಅಲ್ಲಿಗೆ ಮುಗಿಯಿತಂತೆ!

ಮುಗಿಯಿತೇ? ಅದೇ ಲೆಕ್ಕದ ಪುಸ್ತಕದಲ್ಲಿ ಇನ್ನೊಂದು ಸಾಲು ಇದೆ. 2012ರಲ್ಲಿ ನಿವೃತ್ತರಾಗುವವರೆಗೆ 164 ಟೆಸ್ಟುಗಳಲ್ಲಿ ದ್ರಾವಿಡ್ ಎದುರಿಸಿದ ಚೆಂಡುಗಳು 31,258. ಟೆಸ್ಟ್ ಚರಿತ್ರೆಯಲ್ಲಿ ಬೇರೆ ಯಾರೂ ಅಷ್ಟು ಚೆಂಡು ಆಡಿಲ್ಲ. 200 ಟೆಸ್ಟ್ ಆಡಿದ ಸಚಿನ್ ಕೂಡ ಆಡಿಲ್ಲ. ಯಾವ ಸಾಲನ್ನು ಕೂಡಿಸುತ್ತೀರಿ ಎಂಬುದರ ಮೇಲೆ ದಾಖಲೆ ಯಾರದ್ದೆಂಬುದು ನಿಂತಿದೆ.

ನನ್ನ ವಯಸ್ಸಿನವರಿಗೆ ಮಾತ್ರ ವಿಶ್ವನಾಥ್ ಹೆಸರೇ ಮೊದಲು ನಾಲಿಗೆಗೆ ಬರುವುದು. ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್. 1967ರಲ್ಲಿ ಅವರು ಮೈಸೂರು ತಂಡಕ್ಕೆ ಮೊದಲ ಸಲ ರಣಜಿ ಆಡಿದ್ದು ವಿಜಯವಾಡದಲ್ಲಿ, ಆಂಧ್ರದ ಮೇಲೆ. ಹೊಡೆದದ್ದು 230! ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಆಡುವ ನಮ್ಮಂಥವರು ಆ ದಿನ ಯಾರ ಕಡೆ ಚಪ್ಪಾಳೆ ತಟ್ಟಬೇಕಿತ್ತೋ ನೀವೇ ಹೇಳಿ. ಎರಡು ವರ್ಷದ ನಂತರ ಕಾನಪುರದಲ್ಲಿ, ಆಸ್ಟ್ರೇಲಿಯದ ಮೇಲೆ ಮೊದಲ ಟೆಸ್ಟ್: ಮೊದಲ ಇನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137.

ಒಟ್ಟು 91 ಟೆಸ್ಟ್, 6,080 ರನ್, 14 ಶತಕ. ಈಗಿನ ಹುಡುಗರಿಗೆ ಇದು ಸಣ್ಣ ಲೆಕ್ಕವಾಗಿ ಕಾಣುತ್ತದೆ. ಆದರೆ 1975ರ ಜನವರಿಯಲ್ಲಿ ಮದರಾಸಿನಲ್ಲಿ ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತು ಭಾರತವನ್ನು 190ಕ್ಕೆ ಮುಗಿಸಿದಾಗ, ಔಟಾಗದೆ ಉಳಿದವರು ವಿಶ್ವನಾಥ್, 97 ರನ್ ಹೊಡೆದು. ಜೊತೆಗೆ ನಿಲ್ಲುವವರೇ ಇಲ್ಲದೆ ಮೂರು ರನ್ನಿಗೆ ಶತಕ ತಪ್ಪಿತು. ಪಂದ್ಯ ಭಾರತ ಗೆದ್ದಿತು. ಅವರ 14 ಶತಕಗಳಲ್ಲಿ ಈ ಆಟ ಸೇರಿಲ್ಲ. ನನ್ನನ್ನು ಕೇಳಿದರೆ ಅದು ಹದಿನೈದನೆಯದು. ಲೆಕ್ಕ ಬರೆಯುವವರು ಒಪ್ಪುವುದಿಲ್ಲ, ಅದೂ ಸರಿಯೇ.

ಶತಕದ ಸಾಲಿಗೆ ಬರದಿದ್ದರೂ ಆ 97 ಪುಸ್ತಕದಲ್ಲಂತೂ ಇದೆ. ಪುಸ್ತಕವೇ ನಿಮ್ಮನ್ನು ಹೊರಗಿಟ್ಟರೆ? ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ಆಟವಿದೆ, ದುಂಡನೆ ಬ್ಯಾಟಿನದು. ಅಲ್ಲಿ ಬಹುಕಾಲ ಕರಿಯರನ್ನು ದೊಡ್ಡ ಲೀಗುಗಳಿಗೆ ಸೇರಿಸುತ್ತಿರಲಿಲ್ಲ. ಅವರು ತಮ್ಮದೇ ಲೀಗು ಕಟ್ಟಿಕೊಂಡು ಆಡಿದರು. ಅವರಲ್ಲಿ ಜೋಶ್ ಗಿಬ್ಸನ್ ಎಂಬ ಮಹಾ ಹೊಡೆತಗಾರ 1947ರ ಜನವರಿಯಲ್ಲಿ, 35ನೇ ವಯಸ್ಸಿಗೆ ತೀರಿಹೋದ. ಅದೇ ಏಪ್ರಿಲಿನಲ್ಲಿ ಜಾಕಿ ರಾಬಿನ್ಸನ್ ಎಂಬ ಕರಿಯ ಆಟಗಾರನಿಗೆ ದೊಡ್ಡ ಲೀಗಿನ ಬಾಗಿಲು ತೆರೆಯಿತು. ಮೂರು ತಿಂಗಳ ಅಂತರ! ಸಂಶೋಧಕರು ಹಳೆಯ ಪತ್ರಿಕೆಗಳಲ್ಲಿ ಅಚ್ಚಾದ ಸ್ಕೋರುಗಳನ್ನು ಹುಡುಕಿ ಹುಡುಕಿ ಕೂಡಿಸಿದರು. 2024ರ ಮೇ ತಿಂಗಳಲ್ಲಿ ಆ ಲೆಕ್ಕ ಅಧಿಕೃತ ಪುಸ್ತಕಕ್ಕೆ ಸೇರಿತು. ಸಾವಿರ ಸರದಿಗೆ 367 ಹೊಡೆತ ಎಂಬ ಟೈ ಕಾಬ್‌ನ ಜೀವಮಾನದ ದಾಖಲೆಯ ಮೇಲೆ ಗಿಬ್ಸನ್ನನ 372 ಕೂತಿತು. ಆತ ಸತ್ತು 77 ವರ್ಷಗಳಾಗಿದ್ದವು.

ಇದನ್ನು ಓದಿದಾಗ ನನಗೆ ನಮ್ಮೂರ ಎಡಗೈ ಆಟಗಾರ ನೆನಪಾದ. ಅದೋನಿಯ ಹತ್ತಿ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಿದ್ದವನು. ನಮ್ಮ ತಂಡಕ್ಕೆ ಹತ್ತು ವರ್ಷ ಸ್ಕೋರು ಬರೆದವನು ನಾನು. ನಮ್ಮವರ ಹೆಸರು ಕನ್ನಡದಲ್ಲಿ ಬರೆಯುತ್ತಿದ್ದೆ, ಎದುರಿನವರು ತಮ್ಮ ಹೆಸರನ್ನು ತೆಲುಗಿನಲ್ಲಿ ಬರೆದುಕೊಡುತ್ತಿದ್ದರು. ಒಂದು ಮಳೆಗಾಲದಲ್ಲಿ ಮನೆ ಸೋರಿ ಎರಡು ನೋಟುಬುಕ್ಕು ಬಿಟ್ಟು ಉಳಿದದ್ದೆಲ್ಲ ಮುದ್ದೆಯಾಯಿತು. ಹೋದ ವರ್ಷ ಆತ ಮೊಮ್ಮಗನ ಕೈಹಿಡಿದು ಬಂದ. "ಸಾರ್, ನಾನು ಒಟ್ಟು ಎಷ್ಟು ಹೊಡೆದಿದ್ದೆ, ಇವನಿಗೊಂದಿಷ್ಟು ಹೇಳ್ರಿ" ಎಂದ. ಉಳಿದ ಎರಡನ್ನು ಕೂಡಿಸಿದೆ, 1,146 ಬಂತು. "ಅಷ್ಟೇನಾ ತಾತಾ?" ಎಂದ ಹುಡುಗ.

ಆಲೂರು, ಪತ್ತಿಕೊಂಡ, ಸಿರುಗುಪ್ಪ ಕಡೆಯ ತಂಡಗಳೂ ತಮ್ಮ ತಮ್ಮ ಪುಸ್ತಕ ಬರೆದಿದ್ದವು. ಕೇಳುತ್ತಿರುವ ನಿಮ್ಮಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಅಂಥದ್ದು ಇದ್ದರೆ, ಆಸ್ಪರಿ ಮೇಲೆ ಆಡಿದ ಪಂದ್ಯದ ಪುಟ ತೆರೆದು ನೋಡಿ. ತೆಲುಗಿನಲ್ಲಿದ್ದರೂ ಸರಿ, ಕನ್ನಡದಲ್ಲಿದ್ದರೂ ಸರಿ. ನಾನು ಬಂದು ಬರೆದುಕೊಂಡು ಹೋಗುತ್ತೇನೆ.